ಮನೆ ನೋಡಿ ಬಂದವಳು

ಹೊಲದ ಕಡೆಯಿಂದ ಮೋಟರು ಗುಂಯ್‌ಗುಟ್ಟಿತೆಂದರೆ ಗಂಗಾಂಬಿಕೆಗೆ ಬೆಳಗಾಯಿತು ಎಂದೇ ಲೆಕ್ಕ, ಹೊರಗೆ ಎಷ್ಟೇ ಕತ್ತಲಿರಲಿ. ಮೊದಲು ನೀರೊಲೆಯ ಬೂದಿ ಬಾಚಬೇಕು. ತೆಂಗಿನ ಮಟ್ಟೆ ಒಟ್ಟಿ ಹಂಡೆಗೆ ಉರಿ ಹಚ್ಚಬೇಕು. ಬಾಣಂತಿಗೆ ಎರೆಯುವ ನೀರು ಮೈ ಸುಡುವಷ್ಟು ಕಾಯಲು ಹೊತ್ತು ಹಿಡಿಯುತ್ತದೆ. ಅಷ್ಟರೊಳಗೆ ಕೊಟ್ಟಿಗೆಯ ಸಗಣಿ ಎತ್ತಿ, ಹಸು ಕರೆದು, ಡೈರಿಯ ಕ್ಯಾನಿಗೆ ಸುರಿದು, ಕೂಸಿನ ತಾಯಿಗೆಂದು ಒಂದು ಚೆಂಬು ಎತ್ತಿಡಬೇಕು. ಬಾಗಿಲಿಗೆ ನೀರು ಚಿಮುಕಿಸಿ ಎರಡೆಳೆ ರಂಗೋಲಿ. ಬಾಣಂತಿ ಸಾರಿಗೆ ಮೆಣಸು, ಬೆಳ್ಳುಳ್ಳಿ ಕುಟ್ಟಬೇಕು. ಕೂಸಿಗೆ ಬಜೆ ತೇಯಬೇಕು. ರಾತ್ರಿ ಒದ್ದೆಯಾದ ಬಟ್ಟೆಗಳನ್ನು ಕುದಿನೀರಿಗೆ ಹಾಕಬೇಕು. ಚೆಂಡು ಹೂ ಬಿಡಿಸಲು ಬರುವ ಆಳುಗಳಿಗೆ ಮುದ್ದೆ ತಿರುವಿಡಬೇಕು. ಗಂಡ ಬಸವಣ್ಣನ ಲಿಂಗಪೂಜೆಗೆ ವಿಭೂತಿ, ಪತ್ರೆ, ಕಣಗಿಲೆ ಹೂವು, ಮಡಿನೀರು ಜೋಡಿಸಬೇಕು. ಇಷ್ಟಾದ ಮೇಲೆ ಬಸವಣ್ಣ ಏಳುತ್ತಾನೆ. ಅವಳು ಕಾಯಿಸಿದ ನೀರಿನಲ್ಲಿ ಮಿಂದು, ಅವಳು ಜೋಡಿಸಿದ ಹೂವಿನ ಮುಂದೆ ಕುಳಿತು ಕಣ್ಣು ಮುಚ್ಚುತ್ತಾನೆ. ಒಂದು ದಿನವೂ ಪೂಜೆ ತಪ್ಪಿಸದ ಮನುಷ್ಯ ಎಂದು ಭೀಮನಬೀಡಿನಲ್ಲಿ ಅವನಿಗೆ ಒಳ್ಳೆಯ ಹೆಸರು.

ಎರಡು ಸಾವಿರದ ಒಂಬತ್ತನೆಯ ಆ ಮಳೆಗಾಲದಲ್ಲಿ ಈ ಕೆಲಸಗಳ ಜೊತೆಗೆ ಇನ್ನೊಂದು ಸೇರಿಕೊಂಡಿತ್ತು. ಒಳಕೋಣೆಯ ಕಡೆಗೆ ಸದಾ ಕಿವಿ ಇಟ್ಟುಕೊಂಡಿರುವುದು. ಹಾಲು ಕರೆಯುವಾಗಲೂ, ಒರಳಿನ ಸದ್ದಿನ ನಡುವೆಯೂ. ಯಾಕೆಂದರೆ ಕೂಸು ಅತ್ತರೆ ಅದರ ತಾಯಿಗೆ ಕೇಳಿಸುತ್ತಿರಲಿಲ್ಲ.

ಮಗಳು ಸುಧಾಮಣಿಯನ್ನು ಚಾಮರಾಜನಗರಕ್ಕೆ ಕೊಟ್ಟು ಒಂದೂವರೆ ವರ್ಷವಾಗಿತ್ತು. ಬಸುರಿಯಾಗಿ ತವರಿಗೆ ಬಂದಾಗಲೇ ಎಡಗಿವಿ ಪೂರ್ತಿ ಹೋಗಿತ್ತು, ಬಲಗಿವಿಗೆ ಕೂಗಿ ಹೇಳಬೇಕಿತ್ತು. "ಕಿವಿ ಸೋರ್ತಿತ್ತು ಅವ್ವ, ಜ್ವರ ಬಂದಿತ್ತು," ಎಂದಿದ್ದಳು. ಹೆರಿಗೆಯಾದರೆ ಎಲ್ಲ ಸರಿಹೋಗುತ್ತದೆ ಎಂದರು ನಾಲ್ಕು ಜನ. ಸರಿಹೋಗಲಿಲ್ಲ. ಸುಧಾಮಣಿ ತನ್ನ ಹಳೆಯ ಸೀರೆಯ ಅಂಚು ಹರಿದು ಒಂದು ತುದಿಯನ್ನು ತೊಟ್ಟಿಲಿಗೂ ಇನ್ನೊಂದನ್ನು ತನ್ನ ಮಣಿಕಟ್ಟಿಗೂ ಕಟ್ಟಿಕೊಂಡು ಮಲಗುತ್ತಿದ್ದಳು. ಕೂಸು ಒದ್ದರೆ ಕೈ ಎಳೆಯುತ್ತಿತ್ತು. ಒದೆಯದೆ ಬರಿದೇ ಅತ್ತರೆ ಗಂಗಾಂಬಿಕೆ ಸಗಣಿ ಕೈಯಲ್ಲೇ ಓಡಿಬಂದು ಮೊಣಕೈಯಿಂದ ಮಗಳ ಕಾಲು ತಿವಿದು ಎಬ್ಬಿಸಬೇಕಿತ್ತು.

ಕೂಸಿಗೆ ನಾಲ್ಕು ತಿಂಗಳು ತುಂಬುವ ಹೊತ್ತಿಗೆ ಅಳಿಯ ಮಹದೇವಪ್ರಸಾದನಿಂದ ಮಾತು ಬಂತು. ಐದನೇ ತಿಂಗಳಿಗೆ ಕರೆದುಕೊಂಡು ಹೋಗುವುದು ವಾಡಿಕೆ, ಬರುತ್ತೇವೆ. ಆದರೆ ಅಷ್ಟರೊಳಗೆ ಕಿವಿ ಸರಿಮಾಡಿಸಿರಿ, ಮಗು ಅತ್ತರೆ ಗೊತ್ತಾಗದವಳನ್ನು ಕಟ್ಟಿಕೊಂಡು ನಾವೇನು ಮಾಡೋಣ ಎಂದು. ಬಸವಣ್ಣನಿಗೆ ಇದು ನ್ಯಾಯವಾದ ಮಾತಾಗಿ ಕಂಡಿತು.

"ಕಿವಿಗಾಕೋ ಮಷಿನ್ನು ಬತ್ತದಂತಲ್ಲ, ತರ್ಸಿ ಆಕಿಸ್ಬುಡು," ಎಂದ ಹೆಂಡತಿಗೆ. ಅದನ್ನು ಎಲ್ಲಿಂದ, ಹೇಗೆ ತರಿಸುವುದು ಎಂಬುದು ಅವಳ ಪಾಲಿಗೆ ಬಂತು, ಮನೆಯ ಬೇರೆಲ್ಲ ತರಿಸುವುದೂ ಬಂದ ಹಾಗೆ.

ಗಂಗಾಂಬಿಕೆಗೆ ಸುತ್ತಮುತ್ತಲ ಊರುಗಳಲ್ಲಿ ಒಂದು ಹೆಸರಿತ್ತು. ಯಾರ ಮನೆಯಲ್ಲಿ ಹೆಣ್ಣು ಕೊಡುವ ಮಾತು ಬಂದರೂ, ಗಂಡಿನ ಮನೆ ನೋಡಲು ಹೋಗುವಾಗ ಅವಳನ್ನು ಕರೆಯುತ್ತಿದ್ದರು. ಗಂಡಸರು ಜಗುಲಿಯಲ್ಲಿ ಕುಳಿತು ಜಮೀನು, ಬೋರ್‌ವೆಲ್ಲು, ಬಳಗ ಎಂದು ಮಾತಾಡುತ್ತಿದ್ದರೆ ಅವಳು ಒಳಗಿನಿಂದ ನೀರು ಕೇಳುತ್ತಿದ್ದಳು. ನೀರು ಯಾರು ತಂದರು, ಚೆಂಬಿನ ತಳ ಹೇಗಿದೆ, ತಂದವಳ ಉಗುರು ಹೇಗಿದೆ ನೋಡುತ್ತಿದ್ದಳು. ಕಾಲು ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋಗುತ್ತಿದ್ದಳು. ಸೌದೆ ಎಷ್ಟಿದೆ, ಅದನ್ನು ಯಾರು ಒಡೆಯುತ್ತಾರೆ, ಸೊಸೆಯಂದಿರ ಹಿಮ್ಮಡಿ ಎಷ್ಟು ಸೀಳಿದೆ. ಬರುವಾಗ ಪಕ್ಕದ ಮನೆಯಲ್ಲಿ ಎಲೆ ಅಡಿಕೆಗೆ ಸುಣ್ಣ ಕೇಳಿ ಎರಡು ಮಾತಾಡುತ್ತಿದ್ದಳು. "ಬ್ಯಾಡ ಬುಡಿ" ಎಂದಳೆಂದರೆ ಬೇಡ. "ಕೊಡಬೋದು" ಎಂದಳೆಂದರೆ ವೀಳ್ಯಶಾಸ್ತ್ರಕ್ಕೆ ದಿನ ನೋಡುತ್ತಿದ್ದರು. ಗಂಡಸರ ಸಭೆಯಲ್ಲಿ ಹೆಂಗಸಿನ ಮಾತೊಂದು ನಡೆಯುತ್ತಿದ್ದುದು ಅಷ್ಟರಲ್ಲೇ. ಅವಳಿಗೆ ಅದರ ಬಗ್ಗೆ ಸಣ್ಣ ಹೆಮ್ಮೆಯೂ ಇತ್ತು.

ಸುಧಾಮಣಿಗೆ ಬಂದ ಮನೆಯನ್ನೂ ಅವಳೇ ನೋಡಿ ಬಂದಿದ್ದಳು. ಚಾಮರಾಜನಗರದ ಮನೆ, ಅರಿಶಿನದ ವ್ಯಾಪಾರ. ಬೀಗಿತಿ ಈರಮ್ಮ ಹೋಳಿಗೆ ಬಡಿಸಿದ್ದಳು. ಪಾತ್ರೆ ಬೆಳಗಿದ್ದವು, ನೀರು ತಣ್ಣಗಿತ್ತು. ಅದಕ್ಕಿಂತ ಹೆಚ್ಚಾಗಿ ಅವಳ ಮನಸ್ಸಿಗೆ ಬಂದದ್ದು ಆ ಈರಮ್ಮನೇ. ಊರಿಗೆ ಬಂದು ಗಂಗಾಂಬಿಕೆ ಹತ್ತು ಜನರ ಮುಂದೆ ಅವಳನ್ನು ಹೊಗಳಿದ್ದಳು: "ಅಂಥಾ ಸಾಧು ಎಂಗ್ಸು ಕಣವ್ವ! ಏನ್ ಕೇಳಿದ್ರೂ ನಗ್ತಾಳೆ, ಎದುರು ಮಾತೇ ಇಲ್ಲ. ಅಂಥಾ ಅತ್ತೆ ಕೆಳ್ಗೆ ನಮ್ ಮಗಳು ಸುಖವಾಗಿರ್ತಾಳೆ."

ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಒಂದು ಸೈಬರ್ ಸೆಂಟರಿತ್ತು. ಅಲ್ಲಿ ಕುಳಿತುಕೊಳ್ಳುತ್ತಿದ್ದ ಅನು, ಸುಧಾಮಣಿಯ ಜೊತೆ ಪಿಯುಸಿ ಓದಿದವಳು. ಸಂತೆಯ ದಿನ ಗಂಗಾಂಬಿಕೆ ಕರಿಬೇವಿನ ಕಟ್ಟುಗಳನ್ನು ಮಾರಿ ಅಲ್ಲಿಗೆ ಹೋದಳು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಹೊದ್ದು, ಕಂಪ್ಯೂಟರಿನ ಎದುರು ಕುರ್ಚಿಯ ತುದಿಯಲ್ಲಿ ಕುಳಿತಳು.

"ನೋಡಿ ಆಂಟಿ, ಇದೇ ಅಂಗಡಿ," ಎಂದಳು ಅನು.

"ಯಾವ್ದು?"

"ಇದೇ. ಈ ಪರದೆ ಮೇಲಿರೋದೇ. ಇಲ್ಲೇ ಮಷಿನ್ ನೋಡೋದು, ಇಲ್ಲೇ ಬೇಕು ಅನ್ನೋದು, ಮನೆಗೆ ಬರ್ತದೆ."

"ಅಂಗ್ಡಿಯೋನು ಎಲ್ಲವ್ನೆ?"

ಅನು ನಕ್ಕಳು. "ಅದೇ ಆಂಟಿ ನೋಡ್ಬೇಕಾಗಿರೋದು. ಮೊನ್ನೆ ನಮ್ಮ ಮೇಷ್ಟ್ರೊಬ್ರು ಇಂಟರ್ನೆಟ್ಟಲ್ಲಿ ಕ್ಯಾಮೆರಾ ತರಿಸಿದ್ರು. ಡಬ್ಬಿ ಬಿಚ್ಚಿದ್ರೆ ಒಳ್ಗೆ ಸೋಪು!"

"ಅಯ್ಯೋ ಶಿವನೇ! ಒಗ್ಕೊಂಡ್ರಂತಾ?"

ಇಬ್ಬರೂ ನಕ್ಕರು. ಗಂಗಾಂಬಿಕೆ ಆಮೇಲೆ ಮುಖ ಗಂಭೀರ ಮಾಡಿಕೊಂಡು, "ಮನೆ ನೋಡ್ದೆ ಎಣ್ಣು ಕೊಡಾದಿಲ್ಲ ನಾವು. ಅಂಗ್ಡೀನೂ ನೋಡೇಬುಡನ. ತೋರ್ಸು," ಎಂದಳು.

ಮೊದಲ ಅಂಗಡಿಯ ಪುಟದಲ್ಲಿ ಬಿಳಿ ಹಲ್ಲಿನ ಮುದುಕನೊಬ್ಬ ಕಿವಿ ಮುಟ್ಟಿಕೊಂಡು ನಗುತ್ತಿದ್ದ. ಇವತ್ತೇ ಕೊಂಡರೆ ಅರ್ಧ ಬೆಲೆ ಎಂದು ಕೆಂಪು ಅಕ್ಷರ ಮಿನುಗುತ್ತಿತ್ತು. ಕೆಳಗೆ ಸಾಲಾಗಿ ಕೊಂಡವರ ಹೊಗಳಿಕೆ. ಅನು ಅದರ ಮೇಲೆ ಬೆರಳಿಟ್ಟಳು. "ಇಷ್ಟೂ ಜನ ಒಂದೇ ದಿನ ಬರೆದವ್ರೆ ನೋಡಿ. ಮಾತೂ ಒಂದೇ ತರ ಇದೆ."

"ವೀಳ್ಯದ ದಿನ ಗಂಡಿನ ಕಡೇರು ಸಾಲಾಗಿ ನಿಂತ್ಕಂಡು ಒಗಳ್ದಂಗೆ," ಎಂದಳು ಗಂಗಾಂಬಿಕೆ. "ಊರು ಯಾವ್ದಂತೆ?"

"ದೆಹಲಿ ಅಂತ ಅಷ್ಟೇ ಇದೆ. ಬೀದಿ ಇಲ್ಲ, ಮನೆ ನಂಬರಿಲ್ಲ." ಅನು ಮುದುಕನ ಚಿತ್ರವನ್ನು ಬೇರೆ ಕಡೆ ಹುಡುಕಿದಳು. ಅದೇ ಮುದುಕ ಇನ್ನೊಂದು ಪುಟದಲ್ಲಿ ಹಲ್ಲಿನ ಪುಡಿ ಮಾರುತ್ತಿದ್ದ. ಆದರೂ ಇರಲಿ ಎಂದು ಅಲ್ಲಿದ್ದ ಮೊಬೈಲ್ ನಂಬರಿಗೆ ಫೋನ್ ಹಚ್ಚಿದಳು. ಆ ಕಡೆಯವನು ಕಿವಿಯ ಬಗ್ಗೆ ಏನೂ ಕೇಳಲಿಲ್ಲ. ದುಡ್ಡು ಇವತ್ತೇ ಬ್ಯಾಂಕಿಗೆ ಹಾಕಿ, ನಾಳೆ ಈ ರೇಟಿರುವುದಿಲ್ಲ ಎಂದ. ಪೋಸ್ಟಿನಲ್ಲಿ ಪಾರ್ಸೆಲ್ ಬಂದ ಮೇಲೆ ದುಡ್ಡು ಕೊಡುತ್ತೇವೆ ಎಂದರೆ ಆಗುವುದಿಲ್ಲ ಎಂದ.

"ಇಟ್ಬುಡು ಫೋನು," ಎಂದಳು ಗಂಗಾಂಬಿಕೆ. "ನೆಂಟಸ್ತನಕ್ಕೆ ಅವಸ್ರ ಮಾಡೋರ ಮನೇಲಿ ಏನೋ ಐಬಿರ್ತದೆ."

ಎರಡನೆಯ ಅಂಗಡಿ ಕೊಯಮತ್ತೂರಿನದು. ಬೀದಿ, ಮನೆ ನಂಬರು, ಮನೆಫೋನು ಎಲ್ಲ ಇತ್ತು. ಪುಟ ನೋಡಲು ಅಷ್ಟು ಚೆಂದವಿರಲಿಲ್ಲ. ಬೈದು ಬರೆದವರೂ ಇಬ್ಬರಿದ್ದರು. ಒಬ್ಬರಿಗೆ ಅಂಗಡಿಯವರೇ ಕ್ಷಮೆ ಕೇಳಿ, ಬದಲಿ ಮಷಿನ್ ಕಳಿಸಿದ್ದೇವೆ ಎಂದು ಉತ್ತರ ಬರೆದಿದ್ದರು. ಅನುವಿಗೆ ಅದು ಹಿಡಿಸಿತು. ಫೋನೆತ್ತಿದ್ದು ಒಬ್ಬ ಹೆಂಗಸು. ಗುಂಡ್ಲುಪೇಟೆ ಎಂದ ತಕ್ಷಣ ತಮಿಳು ಬಿಟ್ಟು, "ನಾನು ತಾಳವಾಡಿ ಕಡೆಯವಳಮ್ಮಾ, ಕನ್ನಡ ಬರ್ತದೆ, ಸೊಲ್ಲುಂಗ, ಹೇಳಿ," ಎಂದಳು.

ಗಂಗಾಂಬಿಕೆ ಫೋನು ಇಸಿದುಕೊಂಡಳು. "ನಿಮ್ಮಂಗ್ಡಿ ಎದುರ್ಗಡೆ ಏನದೆ ತಾಯಿ?"

ಆ ಕಡೆಯಿಂದ ನಗು ಕೇಳಿಸಿತು. "ಎದುರುಗಡೆ ಇಡ್ಲಿ ಕಡೈ, ಇಡ್ಲಿ ಅಂಗಡಿ. ಪಕ್ಕದಲ್ಲಿ ಸೈಕಲ್ ರಿಪೇರಿ. ಯಾಕಮ್ಮಾ?"

"ಸುಮ್ಕೆ. ಮಷಿನ್ನು ಕೆಟ್ಟೋದ್ರೆ ಯಾರು ಸರಿಮಾಡ್ತಾರೆ? ಒಪ್ಪದಿದ್ರೆ ವಾಪಸ್ ತಕ್ಕತೀರಾ? ನಿಮ್ಮನೇಲಿ ಯಾರಾರಾ ಆಕ್ಕಂಡವ್ರಾ ಇದ್ನ?"

ಹೆಂಗಸು ಒಂದೊಂದಕ್ಕೂ ಬೇಸರವಿಲ್ಲದೆ ಉತ್ತರ ಕೊಟ್ಟಳು. ಅವಳ ತಂದೆಯೇ ಹಾಕಿಕೊಂಡಿದ್ದಾರಂತೆ. ದುಡ್ಡು ಪೋಸ್ಟ್‌ಮ್ಯಾನ್ ಕೈಗೆ ಕೊಟ್ಟು ಪಾರ್ಸೆಲ್ ತೆಗೆದುಕೊಂಡರೆ ಸಾಕಂತೆ. ಆಮೇಲೆ ಅವಳೇ ಕೇಳತೊಡಗಿದಳು. ಯಾರಿಗೆ, ವಯಸ್ಸೆಷ್ಟು, ಎರಡೂ ಕಿವಿಯಾ, ಯಾವಾಗಿನಿಂದ? ಇಪ್ಪತ್ತೊಂದು ವಯಸ್ಸು ಎಂದಾಗ ಅವಳ ದನಿ ಇಳಿಯಿತು. "ಏಟು ಗೀಟು ಬಿತ್ತಾಮ್ಮಾ?"

"ಇಲ್ಲ ಇಲ್ಲ," ಎಂದಳು ಗಂಗಾಂಬಿಕೆ ಥಟ್ಟನೆ. "ನಮ್ ಬೀಗ್ರು ಅಂಥೋರಲ್ಲ. ನಾನೇ ನೋಡಿ ಬಂದಿವ್ನಿ."

"ಹಾಗಾದರೆ ಮೊದಲು ಕಿವಿ ಡಾಕ್ಟರಿಗೆ ತೋರಿಸಿ. ಪರೀಕ್ಷೆ ಮಾಡಿಸಿ, ಆ ಚೀಟಿ ಕಳಿಸಿ. ಅದಿಲ್ಲದೆ ನಾನು ಮಷಿನ್ ಕೊಡಲ್ಲ. ಕೊಟ್ಟರೆ ಉಳಿದ ಕಿವಿಯೂ ಹಾಳಾಗಬಹುದು."

ಬಂದ ವ್ಯಾಪಾರವನ್ನು ಬಾಗಿಲಲ್ಲಿ ನಿಲ್ಲಿಸಿ ವಾಪಸ್ ಕಳಿಸುವ ಅಂಗಡಿಯನ್ನು ಗಂಗಾಂಬಿಕೆ ಈ ಮೊದಲು ಕಂಡಿರಲಿಲ್ಲ. ರಸ್ತೆಗೆ ಬಂದು ಚಪ್ಪಲಿ ಮೆಟ್ಟುತ್ತಾ ಅನುವಿಗೆ ಹೇಳಿದಳು, "ಇದು ಒಳ್ಳೆ ಮನೆ ಕಣವ್ವ. ಇಲ್ಲೇ ತಕ್ಕಳನ."

ಚಾಮರಾಜನಗರಕ್ಕೆ ಹೋಗಿದ್ದು ತಾಯಿ, ಮಗಳು, ಕೂಸು ಮೂರೇ ಜನ. ಬಸವಣ್ಣನಿಗೆ ಹೂವಿನ ಲಾರಿ ಬರುವ ದಿನ. ಹೊರಡುವ ಮೊದಲು ಗಂಗಾಂಬಿಕೆ ಬೆಳಗಿನದ್ದು ಮಾತ್ರವಲ್ಲ, ಮಧ್ಯಾಹ್ನದ ಅಡುಗೆಯನ್ನೂ ಮಾಡಿ ಮುಚ್ಚಿಟ್ಟಿದ್ದಳು.

ಕಿವಿಯ ಡಾಕ್ಟರು ನಡುವಯಸ್ಸಿನ ಹೆಂಗಸು. ಕೊಳವೆಯಂಥ ದೀಪ ಹಾಕಿ ಎಡಗಿವಿ ನೋಡಿದರು, ಬಲಗಿವಿ ನೋಡಿದರು, ಮತ್ತೆ ಎಡಗಿವಿಗೆ ಬಂದರು. ಆಮೇಲೆ ದೀಪ ಆರಿಸಿ ಸುಧಾಮಣಿಯ ಮುಖವನ್ನೇ ನೋಡಿದರು.

"ಏನಾಗಿತ್ತಮ್ಮ?"

ಸುಧಾಮಣಿಗೆ ಕೇಳಿಸಲಿಲ್ಲ. ಗಂಗಾಂಬಿಕೆ ಉತ್ತರಿಸಿದಳು, "ಜ್ವರ ಬಂದಿತ್ತು ಮೇಡಮ್ಮೋರೆ. ಕಿವಿ ಸೋರ್ತಿತ್ತು."

"ನಿಮ್ಮನ್ನಲ್ಲ ಕೇಳಿದ್ದು." ಡಾಕ್ಟರು ಮಗಳ ಬಲಗಿವಿಯ ಹತ್ತಿರ ಬಾಗಿದರು. ಮೆಲ್ಲಗೆ ಕೇಳಬೇಕಾದ ಪ್ರಶ್ನೆ ಅದು. ಆದರೆ ಮೆಲ್ಲಗೆ ಕೇಳುವಂತಿರಲಿಲ್ಲ. "ಕಿವಿ ಮೇಲೆ ಹೊಡೀತಿದ್ರಾ?" ಎಂದು ಕೂಗಿದರು.

ಬಾಗಿಲಾಚೆಯ ಬೆಂಚಿನಲ್ಲಿ ನಡೆಯುತ್ತಿದ್ದ ಮಾತು ನಿಂತುಹೋಯಿತು. ಚೀಟಿ ಹಿಡಿದು ಕುಳಿತ ಹೆಂಗಸರೆಲ್ಲ ಒಳಗೆ ನೋಡಿದರು. ಸುಧಾಮಣಿ ತೊಡೆಯ ಮೇಲಿನ ಕೂಸಿನ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದಳು. ಆಮೇಲೆ ಹೌದೆಂದು ತಲೆ ಆಡಿಸಿದಳು.

ಕೇಳುವ ಪರೀಕ್ಷೆಯನ್ನೂ ಮಾಡಿಸಿದ ಮೇಲೆ, ಎಡಗಿವಿಯ ತಮಟೆ ಹರಿದು, ಕೀವಾಗಿ, ಒಳಗಿನದೂ ಹಾಳಾಗಿದೆ, ಅದು ಬರುವುದಿಲ್ಲ ಎಂದರು ಡಾಕ್ಟರು. ಬಲಗಿವಿಗೆ ಮಷಿನ್ ಹಾಕಿದರೆ ಕೇಳಿಸುತ್ತದೆ. ಇನ್ನೊಂದು ಏಟು ಬಿದ್ದರೆ ಅದೂ ಉಳಿಯುತ್ತದೆಂದು ನಾನು ಹೇಳಲಾರೆ. ಪರೀಕ್ಷೆಯ ಚೀಟಿ ಬರೆದು ಗಂಗಾಂಬಿಕೆಯ ಕೈಗೆ ಕೊಟ್ಟರು.

ಆಸ್ಪತ್ರೆಯ ಅಂಗಳದ ಹೊಂಗೆ ಮರದ ಕೆಳಗೆ ಕುಳಿತು ಸುಧಾಮಣಿ ಕೂಸಿಗೆ ಹಾಲು ಕುಡಿಸತೊಡಗಿದಳು. ಗಂಗಾಂಬಿಕೆಗೆ ಕೇಳಬೇಕಿತ್ತು, ಆದರೆ ಅಷ್ಟು ಜನರ ನಡುವೆ ಕೂಗಿ ಕೇಳಲು ಬಾಯಿ ಬರಲಿಲ್ಲ. ಮಗಳ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಅಂಗೈಯನ್ನು ತನ್ನ ಕೆನ್ನೆಯ ಹತ್ತಿರ ತಂದು, ಕಣ್ಣಲ್ಲೇ ಕೇಳಿದಳು.

"ಊಂ, ಅವ್ರೇ," ಎಂದಳು ಸುಧಾಮಣಿ. ಅವಳ ದನಿ ಈಗೀಗ ತೀರ ಸಣ್ಣದಾಗಿತ್ತು. "ಮೊದ್ಲು ಎಡಗಡೆ. ಆಮೇಲೆ ಕರುದ್ರೆ ಗೊತ್ತಾಗ್ತಿರನಿಲ್ವಲ್ಲ ನನ್ಗೆ. ಕೇಳಿದ್ರೂ ಕೇಳ್ದೇ ಇರೋಳಂಗೆ ಆಡ್ತೀಯ ಅಂತ ಬಲಗಡೆಗೂ ಒಡುದ್ರು."

ಹಾಲು ಕುಡಿಯುತ್ತಿದ್ದ ಕೂಸನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿಕೊಂಡು ಮುಂದುವರಿಸಿದಳು. "ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯ್ಸಿ ಬುಡೋರು. ಯಾವ ಮಗ್ಗುಲಲ್ಲಿ ಮಲಗುದ್ರೆ ನೋವು ಕಮ್ಮಿ ಅಂತ ಹೇಳ್ಕೊಡೋರು. ಅವ್ರಿಗೆ ಎಲ್ಲಾ ಗೊತ್ತು ಅವ್ವ. ಅವ್ರಿಗೂ ಎಡಗಿವಿ ಇಲ್ಲ, ಬಲಗಿವೀನೂ ಮಂದ."

"ವಯಸ್ಸಿಗಾ?" ಗಂಗಾಂಬಿಕೆಯ ತುಟಿ ಅಲುಗಿದ್ದನ್ನು ನೋಡಿಯೇ ಮಗಳಿಗೆ ತಿಳಿಯಿತು.

"ಇಲ್ಲ. ನನ್ನಷ್ಟಿದ್ದಾಗ್ಲೇ. ಮಾವ."

ಗಂಗಾಂಬಿಕೆಯ ಕಣ್ಣ ಮುಂದೆ ಆ ಅಡುಗೆಮನೆ ಬಂದು ನಿಂತಿತು. ಹೋಳಿಗೆ ಬಡಿಸುತ್ತಿದ್ದ ಈರಮ್ಮ. ಎಷ್ಟು ಎಕರೆ ಅರಿಶಿನ ಹಾಕಿದ್ದೀರಿ ಎಂದರೆ ನಕ್ಕು ತುಪ್ಪ ಬಡಿಸಿದ್ದಳು. ಮಗ ಎಷ್ಟು ಓದಿದ್ದಾನೆ ಎಂದರೂ ನಕ್ಕು ಇನ್ನೊಂದು ಹೋಳಿಗೆ ಹಾಕಿದ್ದಳು. ಎಡಮಗ್ಗುಲನ್ನು ಗೋಡೆಗೆ ಕೊಟ್ಟೇ ಕುಳಿತಿದ್ದಳು. ಅಷ್ಟನ್ನೂ ಗಂಗಾಂಬಿಕೆ ನೋಡಿದ್ದಳು, ಒಂದನ್ನೂ ಬಿಡದೆ ನೋಡಿದ್ದಳು. ನೋಡಿ, ಸಾಧು ಎಂದು ಹೆಸರಿಟ್ಟು, ಮಗಳನ್ನು ಕೊಟ್ಟಿದ್ದಳು.

"ನನ್ಗ್ಯಾಕೆ ಏಳ್ನಿಲ್ಲ?" ಎಂದಳು. ಈ ಸಲ ಗಟ್ಟಿಯಾಗಿಯೇ.

ಸುಧಾಮಣಿ ಕೂಸಿನ ಬೆನ್ನು ತಟ್ಟಿದಳು. "ಗೌರಿ ಹಬ್ಬಕ್ಕೆ ಏಳಾಕೇ ಬಂದಿದ್ದೆ. ನಿನ್ಗೆ ಕೈ ಬಿಡುವಿರನಿಲ್ಲ. ಹೂರ್ಣ ರುಬ್ತಿದ್ದೆ. ಅವ್ವ, ಇನ್ನೆರಡು ದಿನ ಇಲ್ಲೇ ಇರ್ತೀನಿ ಅಂದೆ ನಾನು. ಒಳ್ಳೆ ಮನೆ ಕಣವ್ವ, ನಾನೇ ನೋಡಿ ಬಂದಿವ್ನಲ್ಲ, ಓಗು ಅಂದೆ ನೀನು."

ದೂರಿದಂತೆ ಇರಲಿಲ್ಲ ಅವಳ ಮಾತು. ದೂರಿದ್ದರೆ ಗಂಗಾಂಬಿಕೆಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕುಳಿತಳು. ತೆರಕಣಾಂಬಿಯಲ್ಲಿ ಬಸ್ಸು ನಿಂತಾಗ ಕಣ್ಣು ತಾನಾಗಿ ಒಂದು ಬೀದಿಯ ಕಡೆ ಹೋಯಿತು. ಅಲ್ಲೊಂದು ಮನೆ ನೋಡಿದ್ದಳು. ಭಾವನ ಮಗಳನ್ನು ಕೊಡಿಸಿದ್ದಳು. ಅದರಾಚೆಯ ಊರಿನಲ್ಲಿ ಪಕ್ಕದ ಮನೆಯವರ ಹುಡುಗಿ. ಇನ್ನೂ ಆಚೆ ಇನ್ನೊಬ್ಬಳು. ಆ ಮನೆಗಳ ಹೆಂಗಸರ ಮುಖಗಳನ್ನು ಒಂದೊಂದಾಗಿ ನೆನೆಸಿಕೊಳ್ಳತೊಡಗಿದಳು. ಮಾತು ಕಮ್ಮಿ ಎಂದು ತಾನು ಮೆಚ್ಚಿದವರು ಎಷ್ಟು ಜನ? ತಲೆ ತಗ್ಗಿಸಿ ನೀರು ತಂದುಕೊಟ್ಟವರು? ಸೆರಗು ಕೆನ್ನೆಯವರೆಗೆ ಎಳೆದುಕೊಂಡವರನ್ನು ಸಂಭಾವಿತರು ಎಂದಿದ್ದಳಲ್ಲ, ಸೆರಗಿನ ಕೆಳಗೆ ಏನಿತ್ತು? ಚೆಂಬಿನ ತಳದವರೆಗೆ ನೋಡುವುದನ್ನು ಅವಳಿಗೆ ಅವಳ ಅತ್ತೆ ಕಲಿಸಿದ್ದಳು. ಅತ್ತೆಗೆ ಅವಳ ಅತ್ತೆ. ಹೆಂಗಸಿನ ಮುಖ ನೋಡಿ, ಯಾಕವ್ವ ಮಾತಾಡಲ್ಲ ನೀನು ಎಂದು ಕೇಳುವುದನ್ನು ಯಾರೂ ಕಲಿಸಿರಲಿಲ್ಲ.

ಪಕ್ಕದಲ್ಲಿ ಸುಧಾಮಣಿ ಕೂಸನ್ನು ಎದೆಗೊರಗಿಸಿಕೊಂಡು ಅದರ ಬೆನ್ನಿನ ಮೇಲೆ ಅಂಗೈ ಊರಿದ್ದಳು. ಕೂಸು ಅತ್ತರೆ ಆ ಬೆನ್ನು ನಡುಗುತ್ತದೆ, ಅದರಿಂದ ಅವಳಿಗೆ ತಿಳಿಯುತ್ತಿತ್ತು. ಊರು ಹತ್ತಿರ ಬಂದಾಗ, ಯಾರನ್ನೂ ನೋಡದೆ, "ಮಷಿನ್ನು ಬಂದ್ಮ್ಯಾಲೆ ನನ್ನ ಕಳಿಸ್ಬುಡ್ತೀಯ ಅಲ್ವಾ ಅವ್ವ?" ಎಂದಳು. ಉತ್ತರಕ್ಕಾಗಿ ತಾಯಿಯ ಮುಖ ನೋಡಲಿಲ್ಲ. ನೋಡದಿದ್ದರೆ ಅವಳಿಗೆ ಉತ್ತರ ತಿಳಿಯುವಂತಿರಲಿಲ್ಲ. ತಿಳಿಯುವುದು ಅವಳಿಗೆ ಬೇಕಿರಲಿಲ್ಲ.

ಸಂಜೆ ಬಸವಣ್ಣ ಊಟಕ್ಕೆ ಕುಳಿತಾಗ ಕೇಳಿದ, "ಡಾಕ್ಟ್ರು ಏನಂದ್ರು?"

"ಎಡಗಿವಿ ಬರಾದಿಲ್ವಂತೆ. ತಮಟೆ ಅರ್ದೋಗದೆ."

"ಎಂಗೆ?"

"ಒಡ್ದು."

ಬಸವಣ್ಣ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. ಅವನಿಗೂ ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಅವನು ಹೆಂಡತಿಯನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದ: "ಎಲ್ಲಾರ್ ಮನೇಲೂ ಇದ್ದದ್ದೇ ಕಣೆ. ನಾನೇನ್ ನಿನ್ಗೆ ಒಡ್ದಿಲ್ವಾ? ನಿನ್ ಕಿವಿ ಕೇಳ್ತಿಲ್ವಾ? ಅವುಂದು ಕೈ ವಸಿ ಜೋರು. ನಾನೂ ಒಂದ್ ಮಾತು ಏಳ್ತೀನಿ ಬುಡು."

ಅವಳು ಸಾರು ಬಡಿಸಿದಳು.

"ಅಳಿಯಂದ್ರು ಫೋನ್ ಮಾಡಿದ್ರು. ಸೋಮವಾರ ಬತ್ತಾರಂತೆ ಕರ್ಕಂಡೋಗಾಕೆ. ಮಷಿನ್ನ ಅವ್ರ ಮನೆ ಅಡ್ರೆಸ್ಸಿಗೇ ತರ್ಸು. ಟೌನು, ಬೇಗ ಬತ್ತದೆ. ಓಗ್ತಿದ್ದಂಗೆ ಆಕ್ಕತಾಳೆ."

"ಮಷಿನ್ ಮ್ಯಾಲೇ ಒಡುದ್ರೆ?"

ಬಸವಣ್ಣ ತಲೆಯೆತ್ತಿ, ಇದೆಂಥ ಮಾತು ಎನ್ನುವಂತೆ ಅವಳನ್ನು ನೋಡಿದ. "ದುಡ್ ಕೊಟ್ಟು ತಂದಿರೋ ಸಾಮಾನು, ಅದ್ರ ಮ್ಯಾಲೆ ಯಾಕೆ ಒಡೀತಾರೆ?"

ಗಂಗಾಂಬಿಕೆ ಅವನ ತಟ್ಟೆ ಎತ್ತಿದಳು. ಹಿತ್ತಿಲಿಗೆ ಹೋಗಿ ತಿಕ್ಕಿದಳು. ತಿಕ್ಕಿದ್ದನ್ನೇ ಮತ್ತೆ ತಿಕ್ಕಿದಳು.

ಶುಕ್ರವಾರ ಅವಳು ಮತ್ತೆ ಅನುವಿನ ಎದುರು ಕುಳಿತಳು. ಪರೀಕ್ಷೆಯ ಚೀಟಿಯನ್ನು ಅನು ಕಂಪ್ಯೂಟರಿನಿಂದಲೇ ಕೊಯಮತ್ತೂರಿಗೆ ಕಳಿಸಿದಳು. ಸ್ವಲ್ಪ ಹೊತ್ತಿಗೆ ಆ ಹೆಂಗಸೇ ಫೋನ್ ಮಾಡಿದಳು. ಬಲಗಿವಿಗೆ ಸರಿಯಾದದ್ದು ಇದೆ, ಈ ಚೀಟಿಗೆ ತಕ್ಕಂತೆ ಹೊಂದಿಸಿ ಕಳಿಸುತ್ತೇನೆ, ತಲುಪಲು ಒಂದು ವಾರ ಆಗಬಹುದು ಎಂದಳು. ಗಂಗಾಂಬಿಕೆ ಫೋನು ಇಸಿದುಕೊಂಡು ಮತ್ತೆ ಕೇಳಿದಳು, "ನಿಮ್ಮಂಗ್ಡಿ ಎದುರ್ಗಡೆ ಏನದೆ ಅಂದ್ರಿ?"

"ಇಡ್ಲಿ ಕಡೈ ಅಮ್ಮಾ. ಇನ್ನೂ ಅಲ್ಲೇ ಇದೆ," ಎಂದು ಹೆಂಗಸು ನಕ್ಕಳು. ಆಮೇಲೆ ನಗು ಬಿಟ್ಟು, "ಅವತ್ತು ನಾನು ಕೇಳಿದ್ದಕ್ಕೆ ಬೇಜಾರಾಯ್ತಾ?" ಎಂದಳು.

"ಇಲ್ಲ ತಾಯಿ. ನೀವು ಕೇಳಿದ್ದೇ ಸರಿ," ಎಂದಳು ಗಂಗಾಂಬಿಕೆ. "ನಾನು ಏಳಿದ್ದು ಸುಳ್ಳು."

ಅನು ಫೋನು ವಾಪಸ್ ತೆಗೆದುಕೊಂಡು ಇಟ್ಟು ಪರದೆಯ ಕಡೆ ತಿರುಗಿದಳು. ಹೆಸರು, ವಯಸ್ಸು ಎಂದು ಒಂದೊಂದನ್ನೇ ಒತ್ತುತ್ತಾ ಬಂದಳು. "ಅಡ್ರೆಸ್ಸು ಚಾಮರಾಜನಗರದ್ದೇ ತಾನೆ ಆಂಟಿ? ಒಂದ್ಸಲ ಹೋಗಿದ್ನಲ್ಲ, ನನಗೊತ್ತು. ಹಾಕ್ತಾ ಇದೀನಿ."

ಗಂಗಾಂಬಿಕೆ ರಸ್ತೆಯ ಕಡೆ ನೋಡಿದಳು. ಹೊರಗೆ ಕೇರಳದ ಲಾರಿಯೊಂದು ಹಾರ್ನ್ ಹಾಕುತ್ತಾ ಹೋಯಿತು. ಸೋಮವಾರ ಕಾರು ಬರುತ್ತದೆ. ಹಣ್ಣು, ಹೂವು, ಕೂಸಿಗೆ ಬೆಳ್ಳಿಯ ಕಾಲ್ಗಡಗ ತರುತ್ತಾರೆ. ಜಗುಲಿಯಲ್ಲಿ ಗಂಡಸರು ಕುಳಿತಿರುತ್ತಾರೆ. ಕಳಿಸುವುದಿಲ್ಲ ಎಂದು ಅವಳು ಒಳಗಿನಿಂದ ಬಂದು ಹೇಳಬೇಕು. ಇದುವರೆಗೆ ಆ ಜಗುಲಿಯಲ್ಲಿ ಅವಳು ಹೇಳಿದ ಮಾತೆಲ್ಲ ಬೇರೆಯವರ ಮನೆಗಳ ಬಗ್ಗೆ. ಬಸವಣ್ಣ ಏನು ಮಾಡುತ್ತಾನೋ ಗೊತ್ತಿರಲಿಲ್ಲ. ಇನ್ನು ಮುಂದೆ ಯಾರೂ ಅವಳನ್ನು ಮನೆ ನೋಡಲು ಕರೆಯುವುದಿಲ್ಲ, ಅದು ಗೊತ್ತಿತ್ತು. ಗಂಡನ ಮನೆ ಬಿಟ್ಟ ಹುಡುಗಿ, ಕಿವಿ ಇಲ್ಲದವಳು, ಹೆಣ್ಣು ಕೂಸಿನ ತಾಯಿ ಎಂದು ಊರು ಸುಧಾಮಣಿಗೆ ಏನೇನು ಹೆಸರಿಡುತ್ತದೆ ಎಂಬುದೂ ಗೊತ್ತಿತ್ತು. ತಾನೇ ಎಷ್ಟೋ ಮಂದಿಗೆ ಇಟ್ಟಿದ್ದಳು. ಆ ಎಡಗಿವಿ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಗೌರಿ ಹಬ್ಬದ ಆ ದಿನವೂ ಬರುವುದಿಲ್ಲ.

"ಅಳಿಸ್ಬುಡು ಅದ," ಎಂದಳು.

"ಯಾವುದನ್ನ?"

"ಚಾಮರಾಜನಗರದ್ದ. ಭೀಮನಬೀಡಿಂದಾಕು."

ಅನು ತಿರುಗಿ ನೋಡಿದಳು. "ಪಾರ್ಸೆಲ್ ಬರೋಕೆ ಒಂದು ವಾರ ಆಗ್ತದೆ ಆಂಟಿ. ಸೋಮವಾರಾನೇ ಕರ್ಕೊಂಡು ಹೋಗ್ತಾರೆ ಅಂದ್ರಿ?"

"ಅವ್ಳು ಓಗಾದಿಲ್ಲ."

"ಅಂಕಲ್ ಒಪ್ಪಿದ್ರಾ?"

"ಕೇಳ್ನಿಲ್ಲ."

ಅನು ಇದ್ದದ್ದನ್ನು ಅಳಿಸಿ, ಹೊಸದಾಗಿ ಒತ್ತಿದಳು. ಇಂಗ್ಲಿಷ್ ಅಕ್ಷರಗಳು. ಗಂಗಾಂಬಿಕೆಗೆ ಓದಲು ಬರುತ್ತಿರಲಿಲ್ಲ. "ಓದು," ಎಂದಳು. ಅನು ಓದಿದಳು. ಸುಧಾಮಣಿ, ಭೀಮನಬೀಡು, ಗುಂಡ್ಲುಪೇಟೆ ತಾಲ್ಲೂಕು. ಇನ್ನೊಂದು ಸಲ ಓದಿಸಿಕೊಂಡಳು.

"ಸರಿಯಾಗದೆ," ಎಂದಳು. "ಒತ್ತವ್ವ."